ಮೊಬೈಲಿಗೆ ಬರಲಿರುವ ಹೊಸ ಆವೃತ್ತಿ: ಆಶೆಯೂ ಊಹೆಯೂ

ಯುಗಾದಿಯ ದಿನ ಬೇವುಬೆಲ್ಲವನ್ನು ಸ್ವೀಕರಿಸಿದ ತರುವಾಯ ಮನೆಮಂದಿಯೆಲ್ಲರೂ ಒಂದೆಡೆ ಕುಳಿತು ಪಂಚಾಂಗಶ್ರವಣ ಮಾಡುವ ಪದ್ಧತಿಯು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಈ ಸಂವತ್ಸರದ ರಾಜನು ಯಾರು, ಮಂತ್ರಿಯು ಯಾರು, ಮಳೆ ಎಷ್ಟು ಕೊಳಗ, ಯಾವ ಧಾನ್ಯಕ್ಕೆ ಬೆಲೆ ಏರುವುದು, ಯಾವ ರಾಶಿಯವರಿಗೆ ಆಯವೆಷ್ಟು ವ್ಯಯವೆಷ್ಟು ಎಂಬುದನ್ನು ಹಿರಿಯರು ಓದಿ ಹೇಳುವರು. ವ್ಯಯವೇ ಹೆಚ್ಚೆಂದು ತಿಳಿದವನು ಮುಖ ಸಪ್ಪಗೆ ಮಾಡಿಕೊಳ್ಳುವನು. ಆಯವು ಹೆಚ್ಚಿದ್ದವನು ಮೀಸೆಯಲ್ಲಿಯೇ ನಗುವನು. ವರ್ಷವು ಮುಗಿದ ಮೇಲೆ ಹಳೆಯ ಪಂಚಾಂಗವನ್ನು ತೆರೆದು, ಹೇಳಿದ್ದರಲ್ಲಿ ನಡೆದುದೆಷ್ಟು ಎಂದು ತಾಳೆ ನೋಡುವವರು ಮಾತ್ರ ವಿರಳ.

ಈಚಿನ ಹದಿನೈದು ವರ್ಷಗಳಿಂದ ಇಂಥದೇ ಇನ್ನೊಂದು ಶ್ರವಣವು ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ಆರಂಭವಾಗಿದೆ. ಇದಕ್ಕೆ ಮೇ, ಜೂನ್ ತಿಂಗಳುಗಳೇ ಪರ್ವಕಾಲ. ಆ ಸಮಯದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಗೂಗಲ್ ಮತ್ತು ಆಪಲ್ ಎಂಬ ಎರಡು ಸಂಸ್ಥೆಗಳು ತಮ್ಮ ತಮ್ಮ ಸಮ್ಮೇಲನಗಳನ್ನು ಕೂಡಿಸಿ, ಮೊಬೈಲುಗಳಿಗೆ ಮುಂದೆ ಬರಲಿರುವ ಹೊಸ ಆವೃತ್ತಿಯ ಲಕ್ಷಣಗಳನ್ನು ಲೋಕಕ್ಕೆ ಸಾರುತ್ತವೆ. ಸಾರುವುದಕ್ಕೆ ತಿಂಗಳುಗಳ ಮೊದಲೇ ಊಹೆಗಳು ಹುಟ್ಟಿ ಹರಡುತ್ತವೆ. ಕಾಲೇಜಿಗೆ ಹೋಗುವ ಮಗನು ಊಟದ ಮಣೆಯ ಮೇಲೆ ಕುಳಿತು, "ಅಪ್ಪ, ಹೊಸ ಅಪ್‌ಡೇಟು ಬಂದರೆ ನಿಮ್ಮ ಫೋನಿನ ಬ್ಯಾಟರಿ ಎರಡು ದಿನ ನಿಲ್ಲುವುದಂತೆ" ಎನ್ನುತ್ತಾನೆ. ತಂದೆಯು, "ನನ್ನ ಫೋನಿಗೆ ಅದು ಬರುವುದೋ ಇಲ್ಲವೋ, ಅದನ್ನು ಮೊದಲು ಹೇಳು" ಎನ್ನುತ್ತಾನೆ. ಈ ಆಶೆಗಳಲ್ಲಿ ಸಾರವೆಷ್ಟು, ಈ ಊಹೆಗಳಿಗೆ ಬುಡವೆಲ್ಲಿ, ಗೃಹಸ್ಥರಾದ ನಾವು ಇವನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು, ಹೊಸದಾಗುವುದು ಯಾವುದು ಎಂಬುದನ್ನು ತಿಳಿಯಬೇಕು. ಮೊಬೈಲಿನೊಳಗೆ ಗಾಜು, ತಗಡು, ಬ್ಯಾಟರಿ, ಚಿಪ್ಪು ಮೊದಲಾದ ಜಡವಸ್ತುಗಳಿರುವುವಷ್ಟೆ. ಇವುಗಳೆಲ್ಲವನ್ನೂ ಒಂದು ಹದದಲ್ಲಿ ನಡೆಸುವ ಒಳಗಿನ ಕಾರುಬಾರಿಗೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ದೊಡ್ಡ ಕೂಡುಕುಟುಂಬದಲ್ಲಿ ಕೀಲಿಕೈಗಳ ಗೊಂಚಲನ್ನು ಸೆರಗಿಗೆ ಕಟ್ಟಿಕೊಂಡ ಯಜಮಾನಿತಿಯು ಯಾರಿಗೆ ಎಷ್ಟು ಅಕ್ಕಿ ಅಳೆಯಬೇಕು, ಯಾರನ್ನು ಒಳಕೋಣೆಗೆ ಬಿಡಬೇಕು, ಯಾವ ದೀಪವನ್ನು ಆರಿಸಬೇಕು ಎಂದು ನೋಡಿಕೊಳ್ಳುವಂತೆ, ಈ ವ್ಯವಸ್ಥೆಯು ಯಾವ ಕೆಲಸಕ್ಕೆ ಎಷ್ಟು ವಿದ್ಯುತ್ತು, ಯಾವ ಆ್ಯಪಿಗೆ ಕ್ಯಾಮರಾ ಮುಟ್ಟಲು ಅನುಮತಿ, ಯಾವುದನ್ನು ಹಿಂದಕ್ಕೆ ಸರಿಸಿ ಮಲಗಿಸಬೇಕು ಎಂಬುದನ್ನು ಕ್ಷಣಕ್ಷಣಕ್ಕೂ ನಿರ್ಣಯಿಸುತ್ತದೆ. ಈ ಆಡಳಿತದ ಕ್ರಮವನ್ನು ತಿದ್ದಿ ಬರೆದು ಕಳುಹಿಸುವುದೇ ನವೀಕರಣ, ಅರ್ಥಾತ್ ಎಲ್ಲರ ಬಾಯಲ್ಲಿಯೂ ಇರುವ ಅಪ್‌ಡೇಟು.

ಈ ವ್ಯವಸ್ಥೆಗಳಲ್ಲಿ ಇಂದು ಲೋಕದಲ್ಲಿ ಪ್ರಬಲವಾಗಿರುವುವು ಎರಡು. ಆಪಲ್ ಸಂಸ್ಥೆಯ ಐಫೋನು ೨೦೦೭ನೆಯ ಜೂನ್ ತಿಂಗಳಲ್ಲಿ ಮಾರಾಟಕ್ಕೆ ಬಂದಿತು. ಅದರ ವ್ಯವಸ್ಥೆಗೆ ಐಓಎಸ್ ಎಂದು ಹೆಸರು. ಗೂಗಲಿನ ಆಂಡ್ರಾಯ್ಡ್ ವ್ಯವಸ್ಥೆಯನ್ನು ಹೊತ್ತ ಮೊದಲನೆಯ ಫೋನು ೨೦೦೮ರಲ್ಲಿ ಹೊರಬಂದಿತು. ಇವೆರಡರ ಸಂಪ್ರದಾಯವು ಬೇರೆ ಬೇರೆ. ಆಪಲ್ ಫೋನನ್ನೂ ವ್ಯವಸ್ಥೆಯನ್ನೂ ತಾನೇ ಸಿದ್ಧಪಡಿಸುವುದರಿಂದ, ಹೊಸ ಆವೃತ್ತಿಯು ಅರ್ಹವಾದ ಐಫೋನುಗಳೆಲ್ಲಕ್ಕೂ ಒಂದೇ ದಿನ ತೆರೆಯುತ್ತದೆ; ೨೦೧೨ರಿಂದೀಚೆಗೆ ಪ್ರತಿವರ್ಷವೂ ಸೆಪ್ಟೆಂಬರಿನಲ್ಲಿಯೇ ಇದು ನಡೆದುಬಂದಿದೆ. ಆಂಡ್ರಾಯ್ಡಿನದು ಹಾಗಲ್ಲ. ಗೂಗಲ್ ಅದನ್ನು ಬರೆದು ಮುಗಿಸಿದ ಮೇಲೆ ಚಿಪ್ಪು ಮಾಡುವವರು ತಮ್ಮ ಭಾಗವನ್ನು ಹೊಂದಿಸಬೇಕು. ಅನಂತರ ಫೋನು ಮಾಡುವವರು ತಮ್ಮ ಅಲಂಕಾರಗಳನ್ನು ಸೇರಿಸಿ ಪರೀಕ್ಷಿಸಬೇಕು. ಕಡೆಗೆ ಅದು ನಮ್ಮ ಕೈಸೇರಬೇಕು. ಕಾಲುವೆಯ ತುದಿಯ ಗದ್ದೆಗೆ ನೀರು ತಡವಾಗಿ ಬರುವಂತೆಯೇ ಇದು. ಉದಾಹರಣೆಗೆ, ಆಂಡ್ರಾಯ್ಡ್ ೧೫ನೆಯ ಆವೃತ್ತಿಯು ೨೦೨೪ರ ಅಕ್ಟೋಬರಿನಲ್ಲಿ ಗೂಗಲಿನ ಸ್ವಂತ ಪಿಕ್ಸೆಲ್ ಫೋನುಗಳಿಗೆ ದೊರೆಯಿತು; ಆಗಲೇ ಜನರ ಕೈಯಲ್ಲಿದ್ದ ಸ್ಯಾಮ್‌ಸಂಗಿನ ಮೇಲುದರ್ಜೆಯ ಫೋನುಗಳನ್ನು ಅದು ತಲುಪಲಾರಂಭಿಸಿದುದು ೨೦೨೫ರ ಏಪ್ರಿಲಿನಲ್ಲಿ. ನಡುವೆ ಆರು ತಿಂಗಳು. ಈ ಅಂತರವನ್ನು ಕಡಮೆ ಮಾಡಲೆಂದೇ ೨೦೧೭ರಲ್ಲಿ ಗೂಗಲ್, ಚಿಪ್ಪಿಗೆ ಸಂಬಂಧಿಸಿದ ಭಾಗವನ್ನೂ ಉಳಿದ ಭಾಗವನ್ನೂ ಬೇರ್ಪಡಿಸುವ ಟ್ರೆಬಲ್ ಎಂಬ ಯೋಜನೆಯನ್ನು ತಂದಿತು. ಅದರಿಂದ ಸಹಾಯವಾಗಿದೆ, ಆದರೂ ಕಾಯುವಿಕೆಯು ಪೂರ್ತಿ ನಿಂತಿಲ್ಲ.

ಇನ್ನು ಊಹೆಗಳ ಮೂಲವನ್ನು ನೋಡೋಣ. ಹೊಸ ಆವೃತ್ತಿಯನ್ನು ಎಲ್ಲರಿಗೂ ಕೊಡುವ ಮೊದಲು ಅದರ ಕರಡನ್ನು ಆ್ಯಪು ರಚಿಸುವವರಿಗೂ, ಪರೀಕ್ಷಿಸಲು ಮುಂದೆ ಬರುವ ಇತರರಿಗೂ ಕೊಡುವುದುಂಟು. ಇದಕ್ಕೆ ಬೀಟಾ ಎನ್ನುತ್ತಾರೆ. ಅಂಥ ಕರಡಿನೊಳಗೆ ಇನ್ನೂ ತೆರೆಯದ ಬಾಗಿಲುಗಳ ಗುರುತುಗಳಿರುತ್ತವೆ. ಕುತೂಹಲಿಗಳು ಅವುಗಳನ್ನು ಹೆಕ್ಕಿ ತೆಗೆದು, "ಇದು ಬರಲಿದೆ, ಅದು ಬರಲಿದೆ" ಎಂದು ಪ್ರಚಾರ ಮಾಡುತ್ತಾರೆ. ಇವರ ಮಾತು ಎಷ್ಟೋ ಸಲ ನಿಜವಾಗುತ್ತದೆ. ಆದರೆ ಕರಡಿನಲ್ಲಿದ್ದುದೆಲ್ಲವೂ ಅಚ್ಚಿನಲ್ಲಿ ಉಳಿಯುವುದಿಲ್ಲವೆಂಬುದನ್ನು ಪುಸ್ತಕ ಬರೆದವರೆಲ್ಲರೂ ಬಲ್ಲರು.

ಊಹೆಯು ಎಂಥ ಜಾಣರನ್ನೂ ಹೇಗೆ ಮೋಸಗೊಳಿಸುವುದೆಂಬುದಕ್ಕೆ ಒಂದು ಸಿಹಿಯಾದ ನಿದರ್ಶನವಿದೆ. ೨೦೦೯ರಿಂದ ಆಂಡ್ರಾಯ್ಡಿನ ಆವೃತ್ತಿಗಳಿಗೆ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಒಂದೊಂದು ತಿಂಡಿಯ ಹೆಸರನ್ನಿಡುವುದು ಗೂಗಲಿನ ರೂಢಿಯಾಗಿದ್ದಿತು. ೨೦೧೩ರಲ್ಲಿ 'ಕೆ' ಅಕ್ಷರದ ಸರದಿ ಬಂದಾಗ, 'ಕೀ ಲೈಮ್ ಪೈ' ಎಂಬ ನಿಂಬೆಯ ಸಿಹಿಯೇ ನಿಶ್ಚಯವೆಂದು ಎಲ್ಲರೂ ನಂಬಿದ್ದರು. ಪತ್ರಿಕೆಗಳು ಹಾಗೆಯೇ ಬರೆದುವು. ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಗೂಗಲ್ ಸಾರಿದ ಹೆಸರು 'ಕಿಟ್‌ಕ್ಯಾಟ್' ಎಂಬ ಅಂಗಡಿಯ ಚಾಕಲೇಟಿನದು! ಅದನ್ನು ಯಾರೊಬ್ಬರೂ ಎಣಿಸಿರಲಿಲ್ಲ. ಮತ್ತೆ ೨೦೧೬ರಲ್ಲಿ 'ಎನ್' ಅಕ್ಷರಕ್ಕೆ ಜನರಿಂದಲೇ ಹೆಸರುಗಳನ್ನು ಕೋರಿದಾಗ, ನಮ್ಮ ನೆರೆಯ ಕೇರಳೀಯರು ತಮ್ಮ 'ನೆಯ್ಯಪ್ಪ'ವನ್ನೇ ಇಡಬೇಕೆಂದು ದೊಡ್ಡ ಗದ್ದಲವೆಬ್ಬಿಸಿದರು. ನಮ್ಮ ಕರಾವಳಿಯ ಮನೆಗಳಲ್ಲಿ ಗಣಪತಿಗೆ ನೈವೇದ್ಯವಾಗುವ ಅಪ್ಪಕ್ಕೆ ಅದು ಹತ್ತಿರದ ನೆಂಟ. ಬೆಲ್ಲ, ಅಕ್ಕಿ, ತುಪ್ಪಗಳ ಆ ಅಪ್ಪಕ್ಕೆ ಜಗತ್ಪ್ರಸಿದ್ಧಿ ದೊರೆಯುವ ದಿನ ಬಂದಿತೆಂದೇ ಹಲವರು ತಿಳಿದರು. ಕಡೆಗೆ ಗೆದ್ದದ್ದು 'ನೂಗಟ್' ಎಂಬ ಯುರೋಪಿನ ಮಿಠಾಯಿ. ೨೦೧೯ರಲ್ಲಿ 'ಕ್ಯೂ' ಅಕ್ಷರಕ್ಕೆ ಯಾವ ತಿಂಡಿಯೆಂದು ಲೋಕವು ತಲೆ ಕೆರೆದುಕೊಳ್ಳುತ್ತಿರುವಾಗ, ಇಂಥ ಹೆಸರುಗಳು ಎಲ್ಲ ದೇಶಗಳವರಿಗೂ ತಿಳಿಯುವುದಿಲ್ಲವೆಂದು ಹೇಳಿ ಗೂಗಲ್ ಆ ರೂಢಿಯನ್ನೇ ಕೈಬಿಟ್ಟು, ಬರಿಯ 'ಆಂಡ್ರಾಯ್ಡ್ ೧೦' ಎಂದಿತು.

ಆಪಲಿನಲ್ಲಿಯೂ ಹೀಗೆಯೇ. ಹದಿನೆಂಟರ ಮುಂದೆ ಹತ್ತೊಂಬತ್ತು ಬರುವುದೆಂಬುದು ಮಗ್ಗಿ ಕಲಿಯುವ ಮಗುವಿಗೂ ಗೊತ್ತು. ಆದರೆ ೨೦೨೫ರ ಜೂನಿನಲ್ಲಿ ಆ ಸಂಸ್ಥೆಯು ಐಓಎಸ್ ೧೮ರ ಮುಂದಿನ ಆವೃತ್ತಿಗೆ, ಮುಂಬರುವ ವರ್ಷವನ್ನು ಅನುಸರಿಸಿ, ೨೬ ಎಂಬ ಅಂಕೆಯನ್ನಿಟ್ಟಿತು. ಸಮ್ಮೇಲನಕ್ಕೆ ಕೆಲವು ದಿನಗಳ ಮುಂಚೆ ಇದರ ಸುಳಿವನ್ನು ಪತ್ರಿಕೆಗಳು ಹೊರಗೆಡಹಿದ್ದುದೇನೋ ನಿಜ. ಅಲ್ಲಿಯವರೆಗೆ ಹತ್ತೊಂಬತ್ತನೆಯದರ ಕುರಿತು ತಿಂಗಳುಗಟ್ಟಲೆ ಬರೆದವರ ಶೀರ್ಷಿಕೆಗಳೆಲ್ಲ ಒಂದೇ ದಿನದಲ್ಲಿ ಹಳಸಿದುವು.

ಹೆಸರಿನ ವಿಷಯ ಹಾಗಿರಲಿ. ಅದರಿಂದ ಯಾರ ಮನೆಯ ಒಲೆಯೂ ಆರುವುದಿಲ್ಲ. ಜನರು ನಿಜವಾಗಿ ಆಶಿಸುವುದು ನಾಲ್ಕು ವಿಷಯಗಳನ್ನು: ಹಳೆಯ ಫೋನು ಚುರುಕಾಗಬೇಕು, ಬ್ಯಾಟರಿ ಹೆಚ್ಚು ಹೊತ್ತು ನಿಲ್ಲಬೇಕು, ತಮ್ಮ ಭಾಷೆಯಲ್ಲಿ ವ್ಯವಹರಿಸಬೇಕು, ಕಳ್ಳರ ಭಯವಿರಬಾರದು. ಈ ಆಶೆಗಳು ಆಕಾಶಪುಷ್ಪಗಳಲ್ಲ. ಮೊದಲನೆಯ ಐಫೋನಿನಲ್ಲಿ ಬರೆದ ಒಂದು ಸಾಲನ್ನು ಒಂದೆಡೆಯಿಂದ ತೆಗೆದು ಇನ್ನೊಂದೆಡೆ ಅಂಟಿಸುವ ಅನುಕೂಲವೂ ಇರಲಿಲ್ಲ. ಎರಡು ವರ್ಷ ಕಾದವರಿಗೆ ೨೦೦೯ರ ಮೂರನೆಯ ಆವೃತ್ತಿಯಲ್ಲಿ ಅದು ದೊರೆಯಿತು. ೨೦೧೫ರ ಆಂಡ್ರಾಯ್ಡ್ ೬ರಲ್ಲಿ, ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿರುವಾಗ ಒಳಗಿನ ಆ್ಯಪುಗಳನ್ನು ತೂಕಡಿಸಲು ಬಿಟ್ಟು ಬ್ಯಾಟರಿಯನ್ನು ಉಳಿಸುವ ಏರ್ಪಾಡು ಬಂದಿತು. ೨೦೧೮ರ ಐಓಎಸ್ ೧೨ರಲ್ಲಿ ಹೊಸ ಶೃಂಗಾರಕ್ಕಿಂತ ಹಳೆಯ ಫೋನುಗಳ ವೇಗಕ್ಕೆ ಹೆಚ್ಚು ಗಮನ ಕೊಟ್ಟರು. ೨೦೧೩ರಲ್ಲಿ ಕೊಂಡ ಐಫೋನು ೫ಎಸ್‌ಗೂ ಅದು ದೊರೆಯಿತು. ಮುದಿ ಎತ್ತಿಗೆ ಹೊಸ ಲಾಳ ಕಟ್ಟಿದಂತೆ ಎಷ್ಟೋ ಮಂದಿಯ ಕೈಯಲ್ಲಿ ಅದು ಇನ್ನೂ ಕೆಲವು ಕಾಲ ನಡೆಯಿತು.

ಕನ್ನಡಿಗರ ಮಟ್ಟಿಗೆ ಈ ನವೀಕರಣಗಳ ಕಥೆಯಲ್ಲಿ ವಿಶೇಷವಾದ ಒಂದು ಅಧ್ಯಾಯವೇ ಉಂಟು. ನಮ್ಮ ಲಿಪಿಯನ್ನು ತೋರಿಸುವುದಕ್ಕೆ ಅಕ್ಷರಗಳ ಅಚ್ಚು ಇದ್ದರೆ ಸಾಲದು. 'ಸ್ತ್ರೀ' ಎಂಬ ಒಂದು ಅಕ್ಷರವನ್ನು ಯಂತ್ರವು ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ ಎಂಬ ಆರು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಆ ಆರನ್ನೂ ಕೂಡಿಸಿ, ಒತ್ತುಗಳನ್ನು ಕೆಳಗಿಟ್ಟು, ಗುಡಿಸನ್ನು ಮೇಲಿಟ್ಟು ಬರೆಯುವ ವಿದ್ಯೆಯು ವ್ಯವಸ್ಥೆಗೆ ತಿಳಿದಿರಬೇಕು. ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡವು ಬರಿಯ ಚೌಕುಳಿಗಳಾಗಿ ತೋರುತ್ತಿದ್ದುದನ್ನು ಅನೇಕ ವಾಚಕರು ಮರೆತಿರಲಾರರು. ಮಗಳು ಕಳುಹಿಸಿದ ಹಬ್ಬದ ಶುಭಾಶಯವು ಕಿಟಕಿಯ ಸರಳುಗಳಂತೆ ಕಾಣುತ್ತಿದ್ದಿತು. ೨೦೧೨ರ ಜೆಲ್ಲಿ ಬೀನ್ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಗಳಿಗೆ ವ್ಯವಸ್ಥೆಯಲ್ಲಿಯೇ ಸ್ಥಾನ ದೊರೆಯಿತು. ೨೦೧೪ರ ಲಾಲಿಪಾಪ್ ಆವೃತ್ತಿಯಿಂದ ಫೋನಿನ ಆಜ್ಞೆಗಳೂ ಸೂಚನೆಗಳೂ ಕನ್ನಡದಲ್ಲಿ ಬರುವಂತಾದುವು. ಐಫೋನಿನಲ್ಲಿ ೨೦೧೭ರ ಐಓಎಸ್ ೧೧ ಕನ್ನಡದ ಕೀಲಿಮಣೆಯನ್ನು ತಂದಿತು. ೨೦೨೪ರ ಐಓಎಸ್ ೧೮, ಮುಚ್ಚಿದ ಪರದೆಯ ಮೇಲಿನ ಗಡಿಯಾರವನ್ನು ಕನ್ನಡದ ಅಂಕೆಗಳಲ್ಲಿ ತೋರಿಸುವ ಅನುಕೂಲವನ್ನು ಕೊಟ್ಟಿತು. ಇವೆಲ್ಲವೂ ಹಿಂದೊಂದು ದಿನ ಯಾರೋ ಆಶಿಸಿ, ಬೇಡಿ, ಬರೆದು, ಕಾದುದರ ಫಲವೇ. ಆದಕಾರಣ ಆಶೆಯನ್ನು ಅಲ್ಲಗಳೆಯುವುದು ಸರಿಯಲ್ಲ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ೨೦೧೨ರ ಐಓಎಸ್ ೬ರಲ್ಲಿ ಆಪಲ್, ಜನರಿಗೆ ರೂಢಿಯಾಗಿದ್ದ ಗೂಗಲಿನ ಭೂಪಟಗಳನ್ನು ತೆಗೆದು ತನ್ನವನ್ನೇ ಇಟ್ಟಿತು. ಅವುಗಳಲ್ಲಿ ಊರುಗಳೂ ಹಾದಿಗಳೂ ತಪ್ಪಾಗಿದ್ದುದರಿಂದ ದೊಡ್ಡ ಆಕ್ಷೇಪಣೆಯೆದ್ದು, ಸಂಸ್ಥೆಯ ಮುಖ್ಯಾಧಿಕಾರಿಯಾದ ಟಿಮ್ ಕುಕ್ ಅವರೇ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ೨೦೧೪ರ ಸೆಪ್ಟೆಂಬರಿನಲ್ಲಿ ಒಂದು ಸಣ್ಣ ತಿದ್ದುಪಡಿಯನ್ನು ಕಳುಹಿಸಿದಾಗ, ಆಗತಾನೇ ಮಾರಾಟಕ್ಕೆ ಬಂದಿದ್ದ ಐಫೋನು ೬ರಲ್ಲಿ ಕರೆ ಮಾಡುವ ಶಕ್ತಿಯೇ ಹಲವರಿಗೆ ಇಲ್ಲವಾಯಿತು. ಒಂದೆರಡು ಗಂಟೆಗಳೊಳಗೆ ಅದನ್ನು ಹಿಂದಕ್ಕೆ ಪಡೆದು ಮರುದಿನ ಇನ್ನೊಂದನ್ನು ಕೊಟ್ಟರು. ಇವುಗಳಿಗಿಂತ ಹೆಚ್ಚು ಮನಸ್ಸು ನೋಯಿಸಿದುದು ೨೦೧೭ರ ಸಂಗತಿ. ಬ್ಯಾಟರಿಯು ಹಳೆಯದಾದಂತೆ ಅದಕ್ಕೆ ಒಮ್ಮೆಗೇ ಹೆಚ್ಚು ವಿದ್ಯುತ್ತನ್ನು ಕೊಡುವ ಶಕ್ತಿ ಕುಗ್ಗಿ, ಫೋನು ತಟ್ಟನೆ ಆರಿಹೋಗುವುದುಂಟು. ಇದನ್ನು ತಪ್ಪಿಸಲೆಂದು ಆಪಲ್ ತನ್ನ ನವೀಕರಣವೊಂದರಲ್ಲಿ ಹಳೆಯ ಫೋನುಗಳ ವೇಗವನ್ನು ತಗ್ಗಿಸುವ ಏರ್ಪಾಡನ್ನು ಸೇರಿಸಿದ್ದಿತು. ಆದರೆ ಕೊಂಡವರಿಗೆ ಅದನ್ನು ಸ್ಪಷ್ಟವಾಗಿ ತಿಳಿಸಿರಲಿಲ್ಲ. ಫೋನೇ ಮುದಿಯಾಯಿತೆಂದು ಎಣಿಸಿ ಹೊಸದನ್ನು ಕೊಂಡವರು, ಬ್ಯಾಟರಿ ಬದಲಿಸಿದ್ದರೆ ಸಾಕಾಗಿತ್ತೆಂದು ತಿಳಿದಾಗ ಸಿಟ್ಟಾದರು. ಆ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆಯು ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ದರವನ್ನು ೭೯ ಡಾಲರಿನಿಂದ ೨೯ಕ್ಕೆ ಇಳಿಸಿತು. ೨೦೨೦ರಲ್ಲಿ ಫ್ರಾನ್ಸಿನ ಅಧಿಕಾರಿಗಳು ಜನರಿಗೆ ತಿಳಿಸದಿದ್ದುದಕ್ಕಾಗಿ ೨೫ ಮಿಲಿಯ ಯೂರೋ ದಂಡ ವಿಧಿಸಿದರು. ದೋಷವಿದ್ದುದು ಉಪಾಯದಲ್ಲಲ್ಲ, ಮೌನದಲ್ಲಿ ಎಂಬುದನ್ನು ಇಲ್ಲಿ ಗಮನಿಸಬೇಕು.

ದೊಡ್ಡವರ ಈ ಕಥೆಗಳ ಜೊತೆಗೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಣ್ಣ ಸಂಗತಿಯನ್ನೂ ಹೇಳದೆ ಬಿಡಲಾರೆ. ಎಪ್ಪತ್ತೆಂಟು ವರ್ಷದ ನಮ್ಮ ದೊಡ್ಡಮ್ಮನವರು ಮಲೆನಾಡಿನ ಹಳ್ಳಿಯ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಪುಣೆಯಲ್ಲಿರುವ ಅವರ ಮಗಳು ಪ್ರತಿ ರಾತ್ರಿ ಎಂಟು ಗಂಟೆಗೆ ಕರೆ ಮಾಡುವ ನಿಯಮ. ದೊಡ್ಡಮ್ಮನಿಗೆ ಫೋನಿನಲ್ಲಿ ತಿಳಿದಿದ್ದುದು ಒಂದೇ ವಿದ್ಯೆ: ಗಂಟೆ ಬಾರಿಸಿದಾಗ ಹಸುರು ಗುಂಡಿಯನ್ನು ಮೇಲಕ್ಕೆ ಎಳೆಯುವುದು. ಕಣ್ಣು ಮಂಜಾಗಿದ್ದರೂ ಬೆರಳಿಗೆ ಆ ಜಾಗವು ಗೊತ್ತಿದ್ದಿತು. ಹೋದ ಸಲ ನಾನು ಅಲ್ಲಿಗೆ ಹೋಗಿದ್ದಾಗ ಹೊಸ ಆವೃತ್ತಿ ಸಿದ್ಧವಾಗಿದೆಯೆಂಬ ಸೂಚನೆಯು ಅವರ ಫೋನಿನಲ್ಲಿ ಕಾಣಿಸಿತು. "ಇದನ್ನು ಹಾಕಿದರೆ ಅಕ್ಷರಗಳು ಇನ್ನೂ ಸ್ಫುಟವಾಗುವುವು ದೊಡ್ಡಮ್ಮ" ಎಂದು, ಎಲ್ಲಿಯೋ ಓದಿದ್ದ ಮಾತನ್ನು ನಂಬಿ ಹೇಳಿ, ಒಪ್ಪಿಗೆಯ ಗುಂಡಿಯನ್ನು ನಾನೇ ಒತ್ತಿದೆ. "ಹಾಗಾದರೆ ಹಾಕೋ ಮಾರಾಯ, ರಾಮಾಯಣ ಓದುವುದಕ್ಕೆ ಅನುಕೂಲವಾದೀತು" ಎಂದರು. ರಾತ್ರಿ ಅದು ತನ್ನಷ್ಟಕ್ಕೆ ನೆಲೆಗೊಳ್ಳುವುದೆಂದು ಹೇಳಿ ಸಂಜೆಯ ಬಸ್ಸಿಗೆ ನಾನು ಹೊರಟುಬಂದೆ.

ಮರುದಿನ ರಾತ್ರಿ ಎಂಟಕ್ಕೆ ಕರೆ ಬಂದಿತು. ದೊಡ್ಡಮ್ಮ ಗುಂಡಿಯನ್ನು ಮೇಲಕ್ಕೆ ಎಳೆದರು, ಗಂಟೆ ನಿಲ್ಲಲಿಲ್ಲ. ಹೊಸ ಆವೃತ್ತಿಯಲ್ಲಿ ಅದನ್ನು ಪಕ್ಕಕ್ಕೆ ಜರುಗಿಸಬೇಕಾಗಿದ್ದಿತು. ಮಗಳು ಹತ್ತು ಸಲ ಕರೆದಳು. ಹನ್ನೊಂದನೆಯ ಸಲಕ್ಕೆ ಅವಳ ಧೈರ್ಯ ಕುಸಿಯಿತು. ಜಡಿಮಳೆಯಲ್ಲಿ, ತೋಟದಾಚೆಯ ಮನೆಯ ಹುಡುಗನನ್ನು ಎಬ್ಬಿಸಿ, "ಅಮ್ಮನಿಗೆ ಏನೋ ಆಗಿದೆ, ಒಮ್ಮೆ ಹೋಗಿ ನೋಡಪ್ಪ" ಎಂದು ಅಳುತ್ತ ಬೇಡಿಕೊಂಡಳು. ಅವನು ಟಾರ್ಚು ಹಿಡಿದು, ಸಂಕದ ಮೇಲೆ ಜಾರುತ್ತ ಬಂದು ನೋಡಿದರೆ, ದೊಡ್ಡಮ್ಮ ದೇವರ ದೀಪದ ಮುಂದೆ, ಬಾರಿಸುತ್ತಿರುವ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. "ನನ್ನ ಮಾತು ಇದಕ್ಕೆ ಕೇಳುವುದಿಲ್ಲ ಮಗ. ನನ್ನ ಬೆರಳೇ ಸತ್ತಿತೋ ಎಂದು ಯೋಚನೆ ಮಾಡುತ್ತಿದ್ದೆ" ಎಂದರಂತೆ. ಅಕ್ಷರಗಳೇನೋ ನಿಜವಾಗಿಯೂ ಸ್ಫುಟವಾಗಿದ್ದುವು. ಆದರೆ ಆ ರಾತ್ರಿ ಪುಣೆಯಲ್ಲಿ ಒಬ್ಬಳು ಮಗಳು ಪಟ್ಟ ಸಂಕಟಕ್ಕೆ ಆ ಸ್ಫುಟತೆಯು ಸಮವಾಗಲಿಲ್ಲ. ಬರಲಿರುವುದು ಏನನ್ನು ಕೊಡುವುದೆಂದು ನಾನು ಕೇಳಿಕೊಂಡಿದ್ದೆನೇ ಹೊರತು, ಏನನ್ನು ಸ್ಥಳದಿಂದ ಕದಲಿಸುವುದೆಂದು ಕೇಳಿಕೊಂಡಿರಲಿಲ್ಲ.

ಹಾಗಾದರೆ ನವೀಕರಣವೇ ಬೇಡವೆನ್ನೋಣವೆ? ಅದೂ ಸರಿಯಲ್ಲ. ಏಕೆಂದರೆ ಕಣ್ಣಿಗೆ ಕಾಣುವ ಬದಲಾವಣೆಗಳ ಹಿಂದೆ ಕಾಣದ ದುರಸ್ತಿಗಳಿರುತ್ತವೆ. ೨೦೧೫ರಲ್ಲಿ ಆಂಡ್ರಾಯ್ಡಿನೊಳಗೆ 'ಸ್ಟೇಜ್‌ಫ್ರೈಟ್' ಎಂಬ ಬಿರುಕೊಂದು ಪತ್ತೆಯಾಯಿತು. ಚಲಚ್ಚಿತ್ರವುಳ್ಳ ಒಂದು ಸಂದೇಶವನ್ನು ಕಳುಹಿಸಿದ ಮಾತ್ರದಿಂದಲೇ ದುರುಳರು ಫೋನಿನೊಳಗೆ ನುಗ್ಗಲು ಅದರಿಂದ ಸಾಧ್ಯವಿದ್ದಿತು. ಆ ಬೆದರಿಕೆಯ ಫಲವಾಗಿಯೇ ಗೂಗಲ್ ಅದೇ ವರ್ಷದ ಆಗಸ್ಟಿನಿಂದ ತಿಂಗಳಿಗೊಮ್ಮೆ ಭದ್ರತೆಯ ತಿದ್ದುಪಡಿಗಳನ್ನು ಪ್ರಕಟಿಸಲು ತೊಡಗಿತು. ಇಂದು ಬ್ಯಾಂಕಿನ ವ್ಯವಹಾರ, ಪಿಂಚಣಿ, ಮಕ್ಕಳ ಪಾಠ, ತರಕಾರಿಯವನಿಗೆ ಕೊಡುವ ಹಣ, ಎಲ್ಲವೂ ಇದೇ ಅಂಗೈಯಗಲದ ಪೆಟ್ಟಿಗೆಯಲ್ಲಿವೆ. ಮಾಡಿನ ಹೆಂಚು ಒಡೆದಿದೆಯೆಂದು ತಿಳಿದ ಮೇಲೂ ಮಳೆಗಾಲಕ್ಕೆ ಮುನ್ನ ಅದನ್ನು ಬದಲಿಸದಿರುವ ಗೃಹಸ್ಥನನ್ನು ಯಾರೂ ಜಾಣನೆನ್ನರು. ಹೊಸ ಅಲಂಕಾರದ ಮಹಾ ಆವೃತ್ತಿ ಬೇರೆ, ಭದ್ರತೆಯ ಸಣ್ಣ ತಿದ್ದುಪಡಿ ಬೇರೆ. ಮೊದಲನೆಯದಕ್ಕೆ ಕಾಯಬಹುದು; ಎರಡನೆಯದಕ್ಕೆ ಕಾಯಬಾರದು.

ತಂದೆಯ ಪ್ರಶ್ನೆಗೆ, ಎಂದರೆ "ನನ್ನ ಫೋನಿಗೆ ಅದು ಬರುವುದೋ ಇಲ್ಲವೋ" ಎಂಬುದಕ್ಕೆ, ಈಗ ಉತ್ತರ ಹೇಳಬಹುದು. ಅದು ಫೋನು ಕೊಂಡ ದಿನವೇ ಬಹುಮಟ್ಟಿಗೆ ನಿರ್ಣಯವಾಗಿರುತ್ತದೆ. ಇಂತಿಷ್ಟು ವರ್ಷ ನವೀಕರಣ ಕೊಡುವೆವೆಂದು ತಯಾರಕರು ಸಾರುತ್ತಾರೆ. ೨೦೨೩ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ ೮ಕ್ಕೂ, ೨೦೨೪ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್೨೪ಕ್ಕೂ ಏಳು ವರ್ಷಗಳ ಮಾತು ಕೊಟ್ಟುವು. ಅಗ್ಗದ ಫೋನುಗಳಿಗೆ ಈ ಅವಧಿಯು ಬಹಳ ಕಡಮೆಯಿರುವುದುಂಟು. ಯುರೋಪಿನ ಒಕ್ಕೂಟವು ೨೦೨೫ರ ಜೂನ್ ೨೦ರಿಂದ ಜಾರಿಗೆ ತಂದ ನಿಯಮಗಳ ಮೇರೆಗೆ, ಅಲ್ಲಿ ಮಾರುವ ಫೋನಿನ ಮಾದರಿಗೆ, ಅದರ ಮಾರಾಟ ನಿಂತ ಮೇಲೆಯೂ ಕನಿಷ್ಠ ಐದು ವರ್ಷ ನವೀಕರಣ ದೊರೆಯುವಂತಿರಬೇಕು. ಅಂಗಡಿಯಲ್ಲಿ ನಾವು ಕ್ಯಾಮರಾ ಎಷ್ಟು, ಬಣ್ಣ ಯಾವುದು ಎಂದು ಕೇಳುತ್ತೇವೆ. ಎಷ್ಟು ವರ್ಷದ ನವೀಕರಣ ಎಂದು ಕೇಳುವವರು ಕಡಮೆ. ಹಸುವನ್ನು ಕೊಳ್ಳುವಾಗ ಕೊಂಬಿನ ಅಂದವನ್ನು ನೋಡಿ, ಸೂಲು ಎಷ್ಟನೆಯದೆಂದು ಕೇಳದೆ ಬಂದಂತೆ ಇದು.

ಗೃಹಸ್ಥರ ಉಪಯೋಗಕ್ಕೆಂದು ಅನುಭವದಿಂದ ಕಂಡ ಕೆಲವು ಮಾತುಗಳನ್ನು ಇಲ್ಲಿ ಸೇರಿಸುತ್ತೇನೆ. ಮಹಾ ಆವೃತ್ತಿಯು ಬಂದ ದಿನವೇ ಅವಸರಪಡದೆ ಎರಡು ಮೂರು ವಾರ ತಡೆದರೆ, ಮೊದಲ ತಪ್ಪುಗಳು ಇತರರ ಫೋನುಗಳಲ್ಲಿ ಹೊರಬಿದ್ದು ತಿದ್ದಲ್ಪಡುತ್ತವೆ. ಮನೆಯಲ್ಲಿ ಒಂದೇ ಫೋನಿದ್ದರೆ ಅದರ ಮೇಲೆ ಬೀಟಾ ಕರಡಿನ ಪ್ರಯೋಗ ಮಾಡಲೇಬಾರದು. ನವೀಕರಣಕ್ಕೆ ಮೊದಲು ಚಿತ್ರಗಳನ್ನೂ ದೂರವಾಣಿ ಸಂಖ್ಯೆಗಳನ್ನೂ ಬೇರೊಂದೆಡೆ ನಕಲು ಮಾಡಿಟ್ಟುಕೊಳ್ಳಬೇಕು. ಮುಖ್ಯವಾದ ನಾಲ್ಕು ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರಂತೂ ಇನ್ನೂ ಒಳ್ಳೆಯದು. ಬ್ಯಾಟರಿ ತುಂಬಿರಬೇಕು, ಒಳಗೆ ಖಾಲಿ ಸ್ಥಳವಿರಬೇಕು. ಪರೀಕ್ಷೆಯ ಮುನ್ನಾದಿನ, ಪ್ರಯಾಣದ ಮುನ್ನಾದಿನ ಈ ಕೆಲಸಕ್ಕೆ ಕೈಹಾಕಬಾರದು. ನವೀಕರಣವನ್ನು ಫೋನಿನ ಸೆಟ್ಟಿಂಗ್ಸ್ ಎಂಬಲ್ಲಿಂದಲೇ ಪಡೆಯಬೇಕು. ಅಪರಿಚಿತರು ಸಂದೇಶದಲ್ಲಿ ಕಳುಹಿಸಿದ ಕೊಂಡಿಯನ್ನಾಗಲಿ ಕಡತವನ್ನಾಗಲಿ ಅಪ್‌ಡೇಟು ಎಂಬ ಹೆಸರು ನೋಡಿ ಒತ್ತಬಾರದು. ಅಂಥದರಿಂದ ಹಣ ಕಳೆದುಕೊಂಡರೆ ತಡಮಾಡದೆ ೧೯೩೦ ಎಂಬ ಸಹಾಯವಾಣಿಗೆ ತಿಳಿಸಬೇಕು. ಮುಂದಿನ ಆವೃತ್ತಿಯಲ್ಲಿ ಬರಲಿದೆಯೆಂಬ ಸೌಕರ್ಯವನ್ನು ನಂಬಿ ಇಂದು ಹಣ ತೆರಬಾರದು. ಇಂದು ಫೋನಿನಲ್ಲಿ ಇರುವುದಕ್ಕೆ ಬೆಲೆ ಕೊಟ್ಟರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಮನೆಯ ಹಿರಿಯರ ಫೋನನ್ನು ನವೀಕರಿಸಿದ ಮೇಲೆ ಅವರ ಪಕ್ಕದಲ್ಲಿ ಒಂದು ಗಂಟೆಯಾದರೂ ಕುಳಿತುಕೊಳ್ಳಬೇಕು. ಕರೆ ಬಂದರೆ ಹೇಗೆ ತೆಗೆಯುವುದು, ಅಕ್ಷರ ಚಿಕ್ಕದಾದರೆ ಹೇಗೆ ದೊಡ್ಡದು ಮಾಡುವುದು ಎಂಬುದನ್ನು ಅವರ ಬೆರಳಿನಿಂದಲೇ ಮೂರು ನಾಲ್ಕು ಸಲ ಮಾಡಿಸಬೇಕು. ಅದಕ್ಕೆ ಬಿಡುವಿಲ್ಲದಿದ್ದರೆ ಆ ದಿನ ಒಪ್ಪಿಗೆಯ ಗುಂಡಿಯನ್ನು ಒತ್ತದೆ, ಬಿಡುವಿನ ದಿನಕ್ಕೆ ಕಾಯುವುದೇ ಲೇಸು.

ಈ ಬಾರಿಯೂ ಊಹೆಗಳ ಕಾಲ ಬಂದೇ ಬರುವುದು. ಫೋನು ನಮ್ಮ ಮನಸ್ಸಿನ ಮಾತನ್ನು ಅರಿಯುವುದೆಂದು ಕೆಲವರು, ಎಲ್ಲ ಭಾಷೆಗಳನ್ನೂ ಕ್ಷಣದಲ್ಲಿ ಅನುವಾದಿಸುವುದೆಂದು ಕೆಲವರು ಬರೆಯುವರು. ಅವುಗಳಲ್ಲಿ ಕೆಲವು ನಿಜವಾಗಲಿ. ಕನ್ನಡಕ್ಕೆ ಇನ್ನಷ್ಟು ಅನುಕೂಲಗಳು ದೊರೆಯಲಿ. ಹಾಗೆಯೇ, ಹೊಸದನ್ನು ರಚಿಸುವವರು ಹಳೆಯ ಬೆರಳುಗಳನ್ನೂ ಸ್ವಲ್ಪ ನೆನೆಯಲಿ. ನಾನು ಆ ಘಟನೆಯ ಮುಂದಿನ ಭಾನುವಾರವೇ ಊರಿಗೆ ಹೋಗಿ, ಜಗಲಿಯ ಮೇಲೆ ಕುಳಿತು, ದೊಡ್ಡಮ್ಮನ ಫೋನಿಗೆ ನನ್ನ ಫೋನಿನಿಂದ ಇಪ್ಪತ್ತು ಸಲ ಕರೆ ಮಾಡಿದೆ. ಇಪ್ಪತ್ತು ಸಲವೂ ಅವರು ಗುಂಡಿಯನ್ನು ಪಕ್ಕಕ್ಕೆ ಜರುಗಿಸಿ, ಎದುರಿಗೇ ಇದ್ದ ನನ್ನನ್ನು ನೋಡುತ್ತ, "ಹಲೋ, ಯಾರು?" ಎಂದರು. ಆ ರಾತ್ರಿ ಎಂಟಕ್ಕೆ ಪುಣೆಯಿಂದ ಕರೆ ಬಂದಾಗ ನಾನು ಸುಮ್ಮನೆ ಕುಳಿತು ನೋಡಿದೆ. ಮೊದಲ ಗಂಟೆಗೇ ಅವರು ಫೋನನ್ನು ತೆಗೆದರು.